ಹೆಬ್ಬೆಟ್ಟಿಗೂ ಬೀಗ ಬೇಕು

ಯಡ್ರಾಮಿಯಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಆನ್‌ಲೈನ್ ಅಂಗಡಿ. ಪಹಣಿ, ಬೆಳೆ ವಿಮೆ, ಪಿಎಂ ಕಿಸಾನ್ ಇ-ಕೆವೈಸಿ, ಹೆಬ್ಬೆಟ್ಟು ಒತ್ತಿಸಿಕೊಂಡು ರೊಕ್ಕ ಕೊಡುವುದು, ಎಲ್ಲವೂ ಒಂದೇ ಟೇಬಲ್ಲಿನ ಮೇಲೆ ನಡೆಯುತ್ತದೆ. ಊರವರ ಆಧಾರ್ ಕಾರ್ಡು, ಪಾಸ್‌ಬುಕ್ಕು ದಿನವೂ ನನ್ನ ಕೈ ದಾಟಿಯೇ ಹೋಗುತ್ತವೆ. ಹಾಗಾಗಿ ‘ಅನುಕೂಲ ಬೇಕಿದ್ದರೆ ಒಂದಿಷ್ಟು ಖಾಸಗಿತನ ಬಿಡಿ, ಇಲ್ಲವಾದರೆ ಬಳಸಬೇಡಿ’ ಎನ್ನುವ ಮಾತಿಗೆ ನನ್ನ ತಕರಾರಿದೆ. ಮೊಬೈಲಿನಿಂದ ಆ್ಯಪ್ ತೆಗೆದುಹಾಕುವವರಿಗೆ ಈ ಮಾತು ಒಪ್ಪೀತು. ಗೃಹಲಕ್ಷ್ಮಿಯ ಎರಡು ಸಾವಿರ ಪಡೆಯಲು ಬಂದ ಅವ್ವ ‘ಬೇಡ’ ಎಂದು ಎದ್ದುಹೋಗುವುದು ಎಲ್ಲಿಗೆ?

ಅನುಕೂಲವೇನೂ ಸಣ್ಣದಲ್ಲ. ಬ್ಯಾಂಕಿನ ಪಾಳಿಯಲ್ಲಿ ನಿಂತರೆ ಆ ದಿನದ ಕೂಲಿ ಹೋಯಿತು. ತೊಗರಿ ರಾಶಿಯ ಹೊತ್ತಿನಲ್ಲಿ ಅದು ದೊಡ್ಡ ನಷ್ಟ. ಅಕ್ಷರ ಬಾರದವರಿಗೆ ಪಿನ್ ನೆನಪಿಡುವ ಕಾಟವೂ ಇಲ್ಲ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಾಕು, ಒಟಿಪಿ ಕೇಳುವುದಿಲ್ಲ. ತೊಂದರೆ ಇರುವುದೂ ಇಲ್ಲೇ.

2023ರಲ್ಲಿ ಬೆಂಗಳೂರಿನಲ್ಲಿ ಹಲವರ ಖಾತೆಯಿಂದ ಹೀಗೆಯೇ ಹಣ ಹೋಯಿತು. ಆಸ್ತಿ ನೋಂದಣಿಯ ಕಾವೇರಿ ತಂತ್ರಾಂಶದ ಪತ್ರಗಳಿಂದ ಆಧಾರ್ ಸಂಖ್ಯೆ, ಬೆರಳಚ್ಚು ಎತ್ತಿರುವ ಶಂಕೆ ಮೂಡಿ, ಪತ್ರಗಳಲ್ಲಿನ ಬೆರಳಚ್ಚು ಮರೆಮಾಚುವುದಾಗಿ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಹೇಳಬೇಕಾಯಿತು. ಹಾಗೆ ಹಣ ಕಳೆದುಕೊಳ್ಳಲು ಯಾರಿಗೂ ಒಟಿಪಿ ಹೇಳಬೇಕಿರಲಿಲ್ಲ, ಲಿಂಕ್ ಒತ್ತಬೇಕಿರಲಿಲ್ಲ. ಸರ್ಕಾರ ಕೇಳಿದ ಕಡೆ ಬೆರಳು ಒತ್ತಿದ್ದರೆ ಸಾಕಿತ್ತು. ಎಚ್ಚರವಾಗಿರಿ ಎಂಬ ಉಪದೇಶ ಇಂಥ ಕಡೆ ಯಾವ ಕೆಲಸಕ್ಕೆ ಬಂದೀತು?

‘ನನ್ನ ಬಲ್ಲಿ ಕಳವಾಗೋದು ಏನದ ತಮ್ಮಾ?’ ಎಂದು ಹಿರಿಯರು ನಗುತ್ತಾರೆ. ಖಾತೆಯಲ್ಲಿರುವ ಆ ಎರಡು ಸಾವಿರವೇ ಕಳವಾಗುವುದು. ಉಳ್ಳವರಿಗೆ ಹೋದದ್ದು ಒಂದು ಮೊತ್ತ, ಇವರಿಗೆ ಇಡೀ ತಿಂಗಳ ಸಂತೆ.

ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯ ಆಧಾರ್‌ನಲ್ಲಿದೆ. ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆ ಬೇಕು. ನಮ್ಮ ಕಡೆ ಎಷ್ಟೋ ಮಂದಿಯ ಸಂಖ್ಯೆ ಪುಣೆಗೋ ಬೆಂಗಳೂರಿಗೋ ದುಡಿಯಲು ಹೋದ ಮಗನದು, ಇಲ್ಲವೇ ರೀಚಾರ್ಜ್ ಇಲ್ಲದೆ ಬಂದ್ ಆದದ್ದು. ಬೀಗ ಇದ್ದೂ ಹಾಕಲಾಗದ ಸ್ಥಿತಿ.

ಎಟಿಎಂ ಕಾರ್ಡಿನ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2020ರಲ್ಲೇ ದಾರಿ ತೋರಿಸಿದೆ: ಹೊಸ ಕಾರ್ಡಿನಲ್ಲಿ ಆನ್‌ಲೈನ್ ಮತ್ತು ವಿದೇಶಿ ಬಳಕೆ ಮುಚ್ಚಿಯೇ ಇರಬೇಕು, ಗ್ರಾಹಕ ಕೇಳಿದರಷ್ಟೇ ತೆರೆಯಬೇಕು. ಹೆಬ್ಬೆಟ್ಟಿಗೂ ಅದೇ ನಿಯಮ ಬರಲಿ. ತಿಂಗಳಾ ಒತ್ತಿ ಹಣ ಪಡೆಯುವವರ ಖಾತೆ ತೆರೆದೇ ಇರಲಿ, ಒಮ್ಮೆಯೂ ಬಳಸದವರದ್ದು ಮುಚ್ಚಿರಲಿ. ಬೀಗ ಹಾಕುವ, ತೆಗೆಯುವ ಕೆಲಸವನ್ನು ಮೊಬೈಲ್ ಇಲ್ಲದವರಿಗೆ ಬ್ಯಾಂಕಿನ ಕೌಂಟರಿನಲ್ಲೇ ಮಾಡಿಕೊಡಲಿ. ಪ್ರತಿ ವ್ಯವಹಾರಕ್ಕೂ ಕನ್ನಡದಲ್ಲಿ ರಸೀದಿ ಕೊಡುವುದು ಕಡ್ಡಾಯವಾಗಲಿ.

ನಮ್ಮಂಥ ಅಂಗಡಿಗಳಿಗೂ ಕಟ್ಟುಪಾಡು ಬೇಕು. ಕೆಟ್ಟ ಝೆರಾಕ್ಸ್ ಪ್ರತಿಯನ್ನು ಹರಿದೇ ಬಿಸಾಡಬೇಕು. ವಾಟ್ಸ್‌ಆ್ಯಪಿಗೆ ಬಂದ ದಾಖಲೆಯನ್ನು ಗಿರಾಕಿಯ ಎದುರಿಗೇ ಅಳಿಸಬೇಕು. ಕಚೇರಿಗಳೂ ಸಾಧ್ಯವಿದ್ದಲ್ಲೆಲ್ಲ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಒಪ್ಪಬೇಕು.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆಗೆ ಹೆಸರಾದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕು ಎಂದಮೇಲೆ ಅದನ್ನು ಕಾಯುವ ಹೊಣೆ ಯಂತ್ರ ಇಟ್ಟವರದು, ಹೆಬ್ಬೆಟ್ಟು ಒತ್ತುವವರದಲ್ಲ.