ಮಗು ಆಡಿಸಲು ಪರದೇಶಕ್ಕೆ

ಗುಬ್ಬಿಯ ಒಂದು ಮನೆಗೆ ಬೆಂಗಳೂರಿನ ನೆಂಟರಿಂದ ಹೀಗೊಂದು ಮಾತು ಬಂತು ಎಂದಿಟ್ಟುಕೊಳ್ಳಿ. ‘ನಮ್ಮ ಪರಿಚಯದವರು ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾರೆ, ನಮ್ಮ ಕಡೆಯವರೇ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗ್ತಾರೆ, ಮಗುವಿಗೆ ಎರಡು ವರ್ಷ. ನಿಮ್ಮ ಹುಡುಗಿ ಪಿಯುಸಿ ಮುಗಿಸಿ ಮನೆಯಲ್ಲೇ ಇದ್ದಾಳಲ್ಲ, ಒಂದು ವರ್ಷದ ಮಟ್ಟಿಗೆ ಕಳಿಸಿಕೊಡಿ.’ ಅದೇ ವಾರ ಕುಣಿಗಲ್ಲಿನ ಇನ್ನೊಂದು ಮನೆಯ ಜಗಲಿಯ ಮೇಲೆ ಏಜೆಂಟನೊಬ್ಬ ಕುಳಿತಿದ್ದಾನೆ. ‘ಕುವೈತ್‌ನಲ್ಲಿ ಬರೀ ಮಗು ನೋಡ್ಕೊಳ್ಳೋ ಕೆಲಸ ಕಣಕ್ಕಾ. ಪಾತ್ರೆ, ಬಟ್ಟೆ ಏನೂ ಇಲ್ಲ. ಎರಡು ವರ್ಷ ಇದ್ದು ಬಂದ್ರೆ ಮನೆ ಕಟ್ಟಬಹುದು.’

ಎರಡೂ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ‘ಎಷ್ಟು ಕೊಡ್ತಾರೆ?’ ಕೇಳಬೇಕಾದ್ದೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ‘ಯಾವ ವೀಸಾ?’ ಮಗುವಿಗೆ ಉಣಿಸುವುದು, ಮಲಗಿಸುವುದು, ಶಾಲೆಗೆ ಬಿಟ್ಟುಬರುವುದು ಎಲ್ಲ ದೇಶದಲ್ಲೂ ಒಂದೇ ಬಗೆಯ ಕೆಲಸ. ಅದನ್ನು ಮಾಡುವ ಹುಡುಗಿ ಅಲ್ಲಿನ ಕಾನೂನಿನ ಕಣ್ಣಿಗೆ ಅತಿಥಿಯೋ, ಕೆಲಸಗಾರಳೋ ಅಥವಾ ಲೆಕ್ಕಕ್ಕೇ ಇಲ್ಲದವಳೋ ಎಂಬುದನ್ನು ವೀಸಾದ ಆ ಒಂದು ಚೀಟಿ ನಿರ್ಧರಿಸುತ್ತದೆ.

ಮೊದಲು ಗುಬ್ಬಿಯ ಹುಡುಗಿಯ ವಿಚಾರ. ಯೂರೋಪಿನಲ್ಲಿ ‘ಓ ಪೇರ್’ ಎಂಬ ಪದ್ಧತಿಯೊಂದಿದೆ. ಫ್ರೆಂಚ್ ಭಾಷೆಯ ಈ ಮಾತಿಗೆ ‘ಸರಿಸಮ’ ಎಂದು ಅರ್ಥ. ಪರದೇಶದ ಯುವಕ ಯುವತಿಯರು ಒಂದು ಕುಟುಂಬದ ಜೊತೆಗಿದ್ದು, ಮಕ್ಕಳನ್ನು ನೋಡಿಕೊಂಡು, ಆ ನಾಡಿನ ಭಾಷೆ ಕಲಿತು ಮರಳುವುದು ಇದರ ಉದ್ದೇಶ. 1969ರಲ್ಲಿ ಕೌನ್ಸಿಲ್ ಆಫ್ ಯೂರೋಪ್ ಇದಕ್ಕೆಂದೇ ಒಂದು ಒಪ್ಪಂದವನ್ನು ರೂಪಿಸಿತು. ಜರ್ಮನಿಯ ನಿಯಮದಂತೆ ನಮ್ಮಂಥ ದೇಶಗಳಿಂದ ಹೋಗುವವರಿಗೆ 18 ತುಂಬಿರಬೇಕು, 27 ಆಗಿರಬಾರದು. ಹೊರಡುವ ಮೊದಲೇ ಜರ್ಮನ್ ಭಾಷೆಯ ಎ-1 ಹಂತದಷ್ಟು ಬರಬೇಕು. ಬೆಂಗಳೂರಿನ ಇಂದಿರಾನಗರದಲ್ಲಿರುವ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಅದನ್ನು ಕಲಿಸುತ್ತಾರೆ. ಕೆಲಸ ವಾರಕ್ಕೆ 30 ಗಂಟೆ ಮೀರುವಂತಿಲ್ಲ. ವಿಮೆಯ ಖರ್ಚು ಆ ಮನೆಯವರದು. ಅವಧಿ ಕಡಿಮೆಯೆಂದರೆ ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ. ಒಮ್ಮೆ ಹೋಗಿ ಬಂದವರಿಗೆ ಎರಡನೆಯ ಅವಕಾಶವಿಲ್ಲ.

ಊಟ, ಕೋಣೆಯ ಜೊತೆಗೆ ಕೈಗೆ ಬರುವುದು ತಿಂಗಳಿಗೆ 280 ಯೂರೋ. ರೂಪಾಯಿಗೆ ತಿರುಗಿಸಿದರೆ ಇಪ್ಪತ್ತೈದು ಸಾವಿರಕ್ಕೂ ಮೇಲಾಗುತ್ತದೆ, ಕೇಳಿದವರ ಕಣ್ಣರಳುತ್ತದೆ. ಆದರೆ ಇಲ್ಲಿ ಏಳನೆಯ ತರಗತಿಯ ಭಾಗಾಕಾರ ಮಾಡಿ ನೋಡಬೇಕು. ವಾರಕ್ಕೆ 30ರಂತೆ ತಿಂಗಳಿಗೆ ಸುಮಾರು 130 ಗಂಟೆ. ಗಂಟೆಗೆ ಬಿದ್ದದ್ದು ಎರಡು ಯೂರೋಗಿಂತ ತುಸು ಹೆಚ್ಚು. ಹಾಗೆಂದು ಇದು ಮೋಸವಲ್ಲ. ಅಲ್ಲಿನ ಕಾನೂನು ಅದನ್ನು ಸಂಬಳ ಎಂದು ಕರೆಯುವುದೇ ಇಲ್ಲ, ಕೈಖರ್ಚು ಎನ್ನುತ್ತದೆ. ವಿಮಾನದ ಟಿಕೆಟ್ ಸಾಮಾನ್ಯವಾಗಿ ಹೋಗುವವರ ತಲೆಗೇ ಬರುತ್ತದೆ. ಹೀಗಿರುವಾಗ ಸಾಲ ಮಾಡಿ ಕಳಿಸಿ, ದುಡಿದು ತೀರಿಸುತ್ತಾಳೆ ಎಂದು ನಂಬಿ ಕೂರುವ ತಂದೆತಾಯಿ ಎಡವುತ್ತಾರೆ. ಭಾಷೆ ಕಲಿತು, ಲೋಕ ನೋಡಿಕೊಂಡು ಬರಲಿ ಎನ್ನುವವರಿಗೆ ಮಾತ್ರ ಇದು ಒಳ್ಳೆಯ ದಾರಿ.

ಇನ್ನೊಂದು ಸಂಗತಿ ಎಷ್ಟೋ ಜನರಿಗೆ ತಿಳಿದಿರುವುದಿಲ್ಲ. ಓ ಪೇರ್ ಇಟ್ಟುಕೊಳ್ಳುವ ಮನೆಯಲ್ಲಿ ಜರ್ಮನ್ ಮಾತೃಭಾಷೆಯಾಗಿರಬೇಕು. ಮಾತೃಭಾಷೆ ಬೇರೆಯಾಗಿದ್ದು ಮನೆಯಲ್ಲಿ ಜರ್ಮನ್ ಆಡುವವರಾದರೆ, ಬರುವ ಹುಡುಗಿ ಆ ದಂಪತಿಯ ಮೂಲ ದೇಶದವಳಾಗಿರಕೂಡದು. ಅಂದರೆ ಮ್ಯೂನಿಕ್‌ನ ಕನ್ನಡದ ಮನೆಗೆ ಗುಬ್ಬಿಯ ಹುಡುಗಿ ಓ ಪೇರ್ ಆಗಿ ಹೋಗುವಂತೆಯೇ ಇಲ್ಲ! ‘ನಮ್ಮ ಕಡೆಯವರೇ’ ಎಂದು ನೆಂಟರು ಕೊಟ್ಟ ಧೈರ್ಯವೇ ಇಲ್ಲಿ ಅಡ್ಡಿ. ಭಾಷೆ ಕಲಿಯಲೆಂದು ಬಂದವಳು ಕನ್ನಡವನ್ನೇ ಆಡಿಕೊಂಡಿದ್ದರೆ ಏನು ಕಲಿತಂತಾಯಿತು ಎಂಬ ತರ್ಕ ಸರಿಯಾದದ್ದೇ. ಇಷ್ಟಾದ ಮೇಲೂ ‘ಪ್ರವಾಸದ ವೀಸಾದಲ್ಲಿ ಬಂದುಬಿಡಲಿ, ಆಮೇಲೆ ನೋಡೋಣ’ ಎಂದು ಯಾರಾದರೂ ಹೇಳಿದರೆ, ಮಾತನ್ನು ಅಲ್ಲಿಗೇ ಮುಗಿಸಬೇಕು.

ಕುಣಿಗಲ್ಲಿನ ಜಗಲಿಯ ಕತೆ ಇದಕ್ಕಿಂತ ಬಿಗಿಯಾದದ್ದು. ಆಕೆಗೆ 26 ವರ್ಷ, ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ ಎಂದುಕೊಳ್ಳಿ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ‘ಇಸಿಆರ್’ ವರ್ಗಕ್ಕೆ ಸೇರುತ್ತದೆ. ಅಂಥವರು ಕುವೈತ್, ಸೌದಿ ಅರೇಬಿಯಾ, ಒಮಾನ್, ಮಲೇಷ್ಯಾ ಮುಂತಾದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ, 1983ರ ವಲಸೆ ಕಾಯ್ದೆಯ ಪ್ರಕಾರ ವಲಸಿಗರ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಮನೆಗೆಲಸ, ಮಕ್ಕಳ ಪಾಲನೆಗೆ ಹೋಗುವ ಇಂಥ ಮಹಿಳೆಗೆ 30 ವರ್ಷ ತುಂಬಿರಲೇಬೇಕು. 2016ರಿಂದೀಚೆಗೆ ಅವರನ್ನು ಕಳಿಸುವ ಕೆಲಸವನ್ನು ಸರ್ಕಾರಿ ಸಂಸ್ಥೆಗಳಿಗೇ ಮೀಸಲಿಡಲಾಗಿದೆ. ಖಾಸಗಿ ಏಜೆಂಟನಿಗೆ ಅಲ್ಲಿ ಜಾಗವೇ ಇಲ್ಲ.

ಹಾಗಾದರೆ ಜಗಲಿಯ ಮೇಲೆ ಕುಳಿತವನು ಹೇಗೆ ಕಳಿಸುತ್ತಾನೆ? ಇಂಥವರ ಹಳೆಯ ಉಪಾಯ ಒಂದೇ. ಕೆಲಸದ ವೀಸಾ ಬೇಡ, ಪ್ರವಾಸದ ವೀಸಾ ಸಾಕು. ಮೊದಲು ದುಬೈ, ಅಲ್ಲಿಂದ ಬೇರೆ ಊರು. ವಿಮಾನ ನಿಲ್ದಾಣದಲ್ಲಿ ಕೇಳಿದರೆ ‘ಅಕ್ಕನ ಮನೆಗೆ ಹೋಗ್ತಿದ್ದೀನಿ’ ಎನ್ನಬೇಕು. ಈ ಒಂದು ಸುಳ್ಳು ಬಾಯಿಂದ ಹೊರಟ ಗಳಿಗೆಯಲ್ಲೇ ಆಕೆ ಸರ್ಕಾರದ ಲೆಕ್ಕದಿಂದ ಕಳಚಿಕೊಳ್ಳುತ್ತಾಳೆ. ಅನುಮತಿ ಪಡೆದು ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ವಿಮೆ ಇದೆ. ಎರಡು ವರ್ಷಕ್ಕೆ ಕಂತು 275 ರೂಪಾಯಿ. ಪ್ರವಾಸದ ವೀಸಾದವಳಿಗೆ ಅದೂ ಇಲ್ಲ.

ಕಾನೂನಿನಂತೆ ಹೋದರೂ ಲೆಕ್ಕ ಮಾಡುವುದು ತಪ್ಪುವುದಿಲ್ಲ. ಕುವೈತ್ 2015ರಲ್ಲಿ ಮನೆಗೆಲಸದವರಿಗಾಗಿ ಒಂದು ಕಾನೂನು ತಂದಿತು. ದಿನಕ್ಕೆ 12 ಗಂಟೆಯ ಮಿತಿ, ವಾರಕ್ಕೊಂದು ರಜೆ, ವರ್ಷಕ್ಕೊಂದು ತಿಂಗಳು ಸಂಬಳಸಹಿತ ರಜೆ ಅದರಲ್ಲಿವೆ. ಮರುವರ್ಷ ಕನಿಷ್ಠ ಸಂಬಳ ತಿಂಗಳಿಗೆ 60 ದಿನಾರ್ ಎಂದು ನಿಗದಿಯಾಯಿತು. ದಿನಾರ್‌ಗೆ 280 ರೂಪಾಯಿ ಎಂದು ಹಿಡಿದರೆ 16,800 ರೂಪಾಯಿ. ದಿನಕ್ಕೆ 12 ಗಂಟೆಯಂತೆ 26 ದಿನ ದುಡಿದರೆ ಗಂಟೆಗೆ 53 ರೂಪಾಯಿ ಚಿಲ್ಲರೆ. ‘ಮನೆ ಕಟ್ಟಬಹುದು’ ಎಂಬ ಮಾತನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಿ.

ಮಗು ನೋಡಿಕೊಳ್ಳಲು ಕಡಲು ದಾಟುವುದು ನಮ್ಮ ದೇಶದ ಹೆಂಗಸರಿಗೆ ಹೊಸದೂ ಅಲ್ಲ. ‘ಆಯಾ’ ಎಂಬ ಮಾತೇ ಪೋರ್ಚುಗೀಸರಿಂದ ಬಂದದ್ದು. ಬ್ರಿಟಿಷರ ಕಾಲದಲ್ಲಿ ತವರಿಗೆ ಹೊರಟ ದೊರೆಗಳ ಕುಟುಂಬಗಳು ಹಡಗಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಆಯಾಗಳನ್ನು ಕರೆದೊಯ್ಯುತ್ತಿದ್ದವು. ಅಂಥ ಒಬ್ಬ ಆಯಾ ತಾನು 54 ಬಾರಿ ಈ ಪಯಣ ಮಾಡಿದ್ದಾಗಿ 1922ರಲ್ಲಿ ಹೇಳಿಕೊಂಡಿದ್ದಳು. ಎಲ್ಲರ ಅದೃಷ್ಟವೂ ಹಾಗಿರಲಿಲ್ಲ. ಹಡಗು ಲಂಡನ್ ಮುಟ್ಟಿದೊಡನೆ ‘ಇನ್ನು ನೀನು ಬೇಡ’ ಎನಿಸಿಕೊಂಡು, ಮರಳುವ ಟಿಕೆಟ್ಟೂ ಇಲ್ಲದೆ ಬೀದಿಗೆ ಬಿದ್ದವರಿದ್ದರು. ಅವರಿಗೆ ತಂಗಲು ನೆಲೆ ಕೊಟ್ಟ ‘ಆಯಾಗಳ ಮನೆ’ 1900ರಲ್ಲಿ ಹ್ಯಾಕ್ನಿ ಬಡಾವಣೆಗೆ ಬಂತು. ಆ ಕಟ್ಟಡಕ್ಕೆ 2022ರ ಜೂನ್‌ನಲ್ಲಿ ನೀಲಿ ಫಲಕ ಹಾಕಿ ಗೌರವಿಸಲಾಗಿದೆ. ಒಡೆಯರು ಮರಳುವ ಟಿಕೆಟ್ ಕೊಟ್ಟಿದ್ದರೆ, ಭಾರತಕ್ಕೆ ಹೊರಟ ಇನ್ನೊಂದು ಕುಟುಂಬವನ್ನು ಆ ಮನೆಯವರೇ ಹುಡುಕಿ ಆಯಾಳನ್ನು ಜೊತೆಗೆ ಕಳಿಸುತ್ತಿದ್ದರು. ಇಂದಿಗೂ ಇಂಗ್ಲೆಂಡಿಗೆ ಒಡೆಯರ ಜೊತೆ ಹೋಗುವ ಮನೆಗೆಲಸದವರಿಗೆ ಸಿಗುವುದು ಆರು ತಿಂಗಳ ವೀಸಾ. ಅದಕ್ಕೆ ಮೊದಲೇ ಒಂದು ವರ್ಷ ಅವರ ಬಳಿ ಕೆಲಸ ಮಾಡಿರಬೇಕು.

ಕರಾರು ಇದ್ದರಷ್ಟೇ ಸಾಲದು, ಎಷ್ಟು ಕರಾರು ಇವೆ ಎಂಬುದನ್ನೂ ನೋಡಬೇಕು. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಭಾರತದ ರಾಜತಾಂತ್ರಿಕ ಅಧಿಕಾರಿಯೊಬ್ಬರ ಬಂಧನವಾಗಿ ಎರಡು ದೇಶಗಳ ನಡುವೆ ದೊಡ್ಡ ಗದ್ದಲವೇ ಆಯಿತು. ಮಕ್ಕಳ ಪಾಲನೆಗೆ ಭಾರತದಿಂದ ಕರೆಸಿಕೊಂಡಿದ್ದ ಮಹಿಳೆಗೆ ಗಂಟೆಗೆ 9.75 ಡಾಲರ್ ಎಂದು ವೀಸಾ ಅರ್ಜಿಯಲ್ಲಿ ತೋರಿಸಿ, ಬೇರೆ ಒಪ್ಪಂದದಲ್ಲಿ ತಿಂಗಳಿಗೆ 30,000 ರೂಪಾಯಿ ಎಂದು ಬರೆಸಿಕೊಳ್ಳಲಾಗಿತ್ತು ಎಂಬುದು ಅಲ್ಲಿನ ಪ್ರಾಸಿಕ್ಯೂಷನ್‌ನ ಆರೋಪ. ಅಧಿಕಾರಿ ಅದನ್ನು ಅಲ್ಲಗಳೆದರು. ರಾಜತಾಂತ್ರಿಕ ರಕ್ಷಣೆಯ ಮೇಲೆ 2014ರ ಜನವರಿಯಲ್ಲಿ ದೇಶಕ್ಕೆ ಮರಳಿದರು. ಸತ್ಯಾಸತ್ಯತೆ ಏನೇ ಇರಲಿ, ‘ಇದು ಎಂಬೆಸಿಗೆ ತೋರಿಸೋಕೆ, ಇದು ನಮ್ಮನಮ್ಮಲ್ಲಿ’ ಎಂದು ಯಾರಾದರೂ ಎರಡು ಕಾಗದ ಮುಂದಿಟ್ಟರೆ ಸಹಿ ಹಾಕಕೂಡದು.

ಪಾಸ್‌ಪೋರ್ಟಿನ ವಿಷಯವೂ ಹಾಗೆಯೇ. ‘ಕಳೆದುಹೋದೀತು, ನಮ್ಮ ಹತ್ತಿರ ಇರಲಿ’ ಎಂದು ಒಡತಿ ಪ್ರೀತಿಯಿಂದಲೇ ಕೇಳಬಹುದು. ಅದು ಒಡತಿಯದೂ ಅಲ್ಲ, ಹುಡುಗಿಯದೂ ಅಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯಂತೆ ಅದು ಭಾರತ ಸರ್ಕಾರದ ಸ್ವತ್ತು. ಅದರ ಮತ್ತು ಕರಾರಿನ ನಕಲುಗಳು ಗುಬ್ಬಿಯ ಮನೆಯ ಬೀರುವಿನಲ್ಲಿ ಇರಲಿ. ಏಜೆಂಟನ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಹುಡುಕಬಹುದು. ತುಮಕೂರಿನ ಯಾವ ಕಾಲೇಜು ಹುಡುಗನಿಗೆ ಹೇಳಿದರೂ ಐದು ನಿಮಿಷದಲ್ಲಿ ನೋಡಿಕೊಡುತ್ತಾನೆ. ಸಚಿವಾಲಯದ ಉಚಿತ ಸಹಾಯವಾಣಿ 1800 11 3090.

ಕುಣಿಗಲ್ಲಿನ ಆ ಹೆಣ್ಣುಮಗಳು ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಬಹುದು. ಪಾಸಾದರೆ ಹೊಸ ಪಾಸ್‌ಪೋರ್ಟಿನಲ್ಲಿ ಇಸಿಆರ್ ಇರುವುದಿಲ್ಲ. ಹಲವು ದೇಶಗಳ ಬಾಗಿಲು ಸಲೀಸಾಗುತ್ತದೆ. ಆದರೆ ಅನುಮತಿ ಕೇಳುವ ಅಧಿಕಾರಿ, ಕರಾರನ್ನು ತಿರುವಿ ನೋಡುವ ಕಣ್ಣು ಎರಡೂ ಅಂದಿನಿಂದ ಆಕೆಯ ದಾರಿಯಲ್ಲಿ ಸಿಗುವುದಿಲ್ಲ. ಆ ಹಾಳೆಯನ್ನು ಸಾಲುಸಾಲಾಗಿ ಓದಿಸಿಕೊಳ್ಳಬೇಕಾದವರು ಮನೆಯವರೇ. ಇಂಗ್ಲಿಷ್ ಬಾರದಿದ್ದರೆ ಪಕ್ಕದ ಬೀದಿಯ ಮೇಷ್ಟ್ರಿಂದ, ಬ್ಯಾಂಕಿನವರಿಂದ, ವಕೀಲರ ಗುಮಾಸ್ತರಿಂದ ಓದಿಸಬಹುದು. ಏಜೆಂಟನಿಂದ ಮಾತ್ರ ಬೇಡ.