ಬೇರೆ ಗ್ರಹಕ್ಕ ಆಕಳಾ ಒಯ್ಯೋರು ಸಗಣಿ ಹುಳಾನೂ ಒಯ್ರಿ

ಭಾಗ 1

ಅನ್ಯಗ್ರಹದಾಗ ಮನಷ್ಯಾರು ಹೊಸಾ ಊರು ಕಟ್ಟೋ ಸಿನೆಮಾ, ಗೇಮ್, ಕಥಿ ಯಾವುದಾರ ತಗೋರಿ. ಒಂದು ಸೀನ್ ಖಾಯಂ. ಹಡಗಿನ ಬಾಗಿಲಾ ತೆರೀತೈತಿ, ಮಂದಿ ಹಿಂದ ಆಕಳಾ, ಕುದರಿ, ನಾಯಿ, ಕೋಳಿ ಇಳೀತಾವು. ಮುಂದಿನ ಸೀನಿಗೆ ಹಚ್ಚನ ಹುಲ್ಲು, ಗ್ಲಾಸಿನ ತುಂಬ ಹಾಲು. ನಡುವ ಏನಾತು? ಯಾರೂ ತೋರಸಂಗಿಲ್ಲ. ನನಗ ಬೇಕಾಗಿದ್ದು ಆ ನಡುವಿನ ಭಾಗಾನ. ಅದನ್ನ ನೋಡಾಕ ಮಂಗಳಕ್ಕ ಹೋಗೂದು ಬ್ಯಾಡ, ಮಲಪ್ರಭಾ ದಂಡೀನ ಸಾಕು.

ಭಾಗ 2

ನಮ್ಮ ಎರಿ ಹೊಲ ಗೊತ್ತಲ್ಲ. ಮಳಿ ಬಿದ್ರ ಚಪ್ಪಲಿ ಕಿತ್ತು ಇಟಗೋತೈತಿ, ಒಣಗಿದ್ರ ಕಾಲು ಸಿಗುವಂಥಾ ಬಿರುಕು. ಇಂಥ ಜಿಗುಟು ಮಣ್ಣನ್ನು ಉಳಾಕ ಭಾರಿ ಮೈಯ ಎತ್ತು ಬೇಕಿತ್ತು. ಅದಕ್ಕಾಗಿ 19ನೇ ಶತಮಾನದ ಕೊನೆಯ ಎರಡು ದಶಕಗಳಲ್ಲಿ ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಿಕರು ಹೊರಗಿನ ಹೋರಿಗಳನ್ನು ತರಿಸಿದರು. (ನಮ್ಮ ರಾಮದುರ್ಗಾನೂ ಆಗ ಆ ಸೀಮೆಯೊಳಗಿನ ಒಂದು ಸಂಸ್ಥಾನ.) ಗುಜರಾತ ಕಡಿಂದ ಗಿರ್ ಮತ್ತು ಕಾಂಕ್ರೇಜ್, ಆಂಧ್ರದ ಕಡಿಂದ ಓಂಗೋಲ್. ಇವನ್ನ ಮೈಸೂರು ತಳಿಯ ರಕ್ತ ಇದ್ದ ಇಲ್ಲಿನ ದನಗಳ ಜೋಡಿ ಕೂಡಿಸಿದರು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಬಯಲಿನಾಗ ಹಿಂಗ ಹುಟ್ಟಿದ ತಳಿಗೆ ‘ಕೃಷ್ಣಾ ವ್ಯಾಲಿ’ ಅಂತ ಹೆಸರಾತು.

ಅಂದ್ರ ನಾವು ‘ನಮ್ಮ ಜವಾರಿ’ ಅಂತ ಎದಿ ತಟ್ಟಿಕೊಳ್ಳೋ ಎತ್ತಿನ ಅಜ್ಜ ವಲಸೆ ಬಂದಾಂವ! ನನಗೇನು ಬ್ಯಾಸರಿಲ್ಲ. ಬಂದಾಂವ ಇಲ್ಲೇ ನೆಲಿ ನಿಂತ. ಯಾಕ ನಿಂತ ಅನ್ನೋದು ಮುಖ್ಯ. ಅವನೂ ಬಿಸಿಲ ನಾಡಿಂದನ ಬಂದಿದ್ದ, ತಿನ್ನಾಕ ಜ್ವಾಳದ ಕಣಕಿ ಇತ್ತು, ಮಾಡಾಕ ಕೆಲಸ ಇತ್ತು.

ಇದೇ ತಳಿ ಮುಂದ ಸಮುದ್ರಾನೂ ದಾಟೇತಿ. ಅಮೆರಿಕಾದಾಗ ‘ಬ್ರಾಹ್ಮನ್’ ಅನ್ನೋ ದನದ ತಳಿ ಕಟ್ಟಿದಾಗ ಗಿರ್, ಗುಜರಾತ್, ನೆಲ್ಲೂರು ದನಗಳ ಜೋಡಿ ಕೃಷ್ಣಾ ವ್ಯಾಲಿ ರಕ್ತಾನೂ ಸೇರಿತ್ತು. 1933ರಲ್ಲಿ ಆ ಬ್ರಾಹ್ಮನ್ ದನ ಅಮೆರಿಕಾದಿಂದ ಆಸ್ಟ್ರೇಲಿಯಾಕ್ಕೂ ಹೋದವು. ಅಲ್ಲೇನೋ ನಡೀತು. ಇಲ್ಲಿ ಟ್ರ್ಯಾಕ್ಟರ್ ಬಂತು, ಎತ್ತಿನ ಕೆಲಸ ಹೋತು, ಕೆಲಸದ ಹಿಂದ ಎತ್ತೂ ಹೋತು. ಈಗ ಅಪ್ಪಟ ಕೃಷ್ಣಾ ವ್ಯಾಲಿ ಜೋಡಿ ಹುಡಕಬೇಕಂದ್ರ ಊರೂರು ತಿರಗಬೇಕು.

ಭಾಗ 3

ಈಗ ಹಡಗಿನಿಂದ ಇಳದಾಕಿ ಎಚ್‌ಎಫ್, ಅಂದ್ರ ಹೋಲ್‌ಸ್ಟೀನ್ ಫ್ರೀಸಿಯನ್. ನೆದರ್‌ಲ್ಯಾಂಡ್ಸ್, ಉತ್ತರ ಜರ್ಮನಿಯ ತಂಪು ಹುಲ್ಲುಗಾವಲಿನಾಕಿ. 25 ಡಿಗ್ರಿ ದಾಟಿದರ ಆಕಿಗೆ ತ್ರಾಸ ಶುರು. ನಮ್ಮ ಕಡೆ ಏಪ್ರಿಲ್ ಅಂದ್ರ 38, 40. ಮಧ್ಯಾಹ್ನ ಬಾಯಿ ತೆಗದು ಏದುಸಿರು ಬಿಡ್ತಾ ತಗಡಿನ ಶೆಡ್ಡಿನಾಗ ನಿಂತಿರತಾಳ. ಹಾಲು ಇಳಿತೈತಿ, ಗಬ್ಬ ನಿಲ್ಲಂಗಿಲ್ಲ. ಬ್ಯಾಸಿಗ್ಯಾಗ ಹಾಲು ಕೊಡೋ ಒಂದು ದೊಡ್ಡ ಆಕಳಾ ದಿನಕ್ಕ 100 ಲೀಟರ್ ಹತ್ರ ನೀರು ಕುಡೀಬಲ್ಲದು. ನಳಾ ವಾರಕ್ಕೊಮ್ಮೆ ಬರೋ ಓಣ್ಯಾಗ ಆ ನೀರು ಹೊರೋರು ಯಾರು? ಅವ್ವ. ಕಾಲೇಜು ಬಿಟ್ಟು ಬಂದ ತಂಗಿ.

ಹಂಗಂತ ಎಚ್‌ಎಫ್ ಬ್ಯಾಡ ಅನ್ನೋರ ಸಾಲಿನಾಗ ನಾ ನಿಲ್ಲಂಗಿಲ್ಲ. ನಮ್ಮ ಕ್ಲಾಸಿನಾಗ ಎಷ್ಟೋ ಮಂದಿ ಫೀ ಕಟ್ಟಿದ್ದು ಡೇರಿ ಬಿಲ್ಲಿನಿಂದನ. ಜವಾರಿ ಆಕಳ ಎರಡು ಲೀಟರ್ ಹಾಲಿನಾಗ ಹಾಸ್ಟೆಲ್ ಖರ್ಚು ಹುಟ್ಟಂಗಿಲ್ಲ. ನನ್ನ ತಕರಾರು ಆಕಳ ಮ್ಯಾಲಲ್ಲ. ಸಾಲ ಕೊಡೋವಾಗ ಆಕಳಿಗೆ ಅಷ್ಟ ರೊಕ್ಕಾ ಲೆಕ್ಕಾ ಹಿಡೀತಾರಲ್ಲ, ಅದರ ಮ್ಯಾಲ. ನೆರಳು, ನೀರು, ಹಸಿ ಮೇವಿನ ಎರಡು ಗುಂಟೆ, ಇವು ಯಾವ ಫಾರ್ಮಿನಾಗ ಐತಿ ತೋರಸ್ರಿ.

ಭಾಗ 4

ಬರೇ ಪ್ರಾಣಿ ಒಯ್ದು ಅದರ ಸುತ್ತಲಿನ ಜಗತ್ತು ಬಿಟ್ಟು ಹೋದ್ರ ಏನಾಗತೈತಿ ಅಂತ ಆಸ್ಟ್ರೇಲಿಯಾ ತೋರಿಸೇತಿ. 1788ರಲ್ಲಿ ಬ್ರಿಟಿಷರ ಮೊದಲ ಹಡಗುಗಳ ಜೊತೆ ಅಲ್ಲಿಗೆ ದನ ಬಂದವು. ಮಂದಿ ಬೆಳೀತು, ಸಗಣಿ ಬಿತ್ತು, ಬಿದ್ದದ್ದು ಬಿದ್ದಲ್ಲೇ ಉಳೀತು! ಅಲ್ಲಿನ ಸಗಣಿ ಹುಳಕ್ಕ ಕಾಂಗರೂವಿನ ಒಣ ಹಿಕ್ಕಿ ಗೊತ್ತಿತ್ತು, ಆಕಳ ಹಸಿ ಸಗಣಿ ಗೊತ್ತಿರಲಿಲ್ಲ. ತಿಂಗಳಾನುಗಟ್ಟಲೆ ಒಣಗಿ ಕೂತ ಸಗಣಿ ಕೆಳಗ ಹುಲ್ಲು ಸತ್ತಿತು, ಮ್ಯಾಲ ನೊಣ ಮುತ್ತಿದವು. ಕಡಿಗೆ ಜಾರ್ಜ್ ಬೋರ್ನೆಮಿಸ್ಸಾ ಅನ್ನೋ ಹಂಗೇರಿಯ ಕೀಟಶಾಸ್ತ್ರಜ್ಞ ಬಂದು, 1960ರ ದಶಕದಿಂದ ಹೊರದೇಶದ, ಹೆಚ್ಚಾಗಿ ಆಫ್ರಿಕಾದ ಸಗಣಿ ಹುಳ ತರಿಸೋ ಯೋಜನೆ ನಡೆಸಿದ. ಆಕಳಾ ಬಂದು ಹತ್ತಿರ ಹತ್ತಿರ 180 ವರ್ಷ ಆದ ಮ್ಯಾಲೆ!

ಇನ್ನೊಂದು. 1991ರಲ್ಲಿ ಅಮೆರಿಕಾದ ಅರಿಝೋನಾದಾಗ ‘ಬಯೋಸ್ಫಿಯರ್ 2’ ಅಂತ ಗಾಜಿನ ಮನಿ ಕಟ್ಟಿ ಎಂಟು ಮಂದಿ ಎರಡು ವರ್ಷ ಒಳಗಿದ್ರು. ಬೇರೆ ಗ್ರಹದಾಗ ಬದುಕೋ ರಿಹರ್ಸಲ್ ಅನ್ರಿ. ಆಡು, ಕೋಳಿ ಒಯ್ದಿದ್ರು. ಪರಾಗಸ್ಪರ್ಶ ಮಾಡೋ ಹುಳಗಳು ಸತ್ತವು, ಜೊಂಡಿಗ ಮತ್ತು ಇರುವಿ ಮಸ್ತ್ ಬೆಳದವು. ಆಕ್ಸಿಜನ್ನೂ ಇಳೀತು, 1993ರಲ್ಲಿ ಹೊರಗಿಂದ ತುಂಬಬೇಕಾತು.

ಭಾಗ 5

ಹಂಗಾಗಿ ನನ್ನ ಅಭಿಪ್ರಾಯ ಇಷ್ಟ. ಕಥಿ ಬರೆಯೋರು ಹಡಗಿನಾಗ ಮೊದಲ ಸೀಟು ಹುಳ, ಎರಿಹುಳ, ಹುಲ್ಲಿನ ಬೀಜಕ್ಕ ಕೊಡ್ರಿ, ಆಮ್ಯಾಲೆ ಆಕಳಾ ಹತ್ತಸ್ರಿ. ಊರಾಗ ಆಕಳಾ ಕೊಳ್ಳೋ ಮಾತು ಮನ್ಯಾಗ ಬಂದ್ರ, ‘ದಿನಕ್ಕ ಎಷ್ಟು ಲೀಟರ್ ಹಾಲು’ ಅಂತ ಕೇಳೋಕಿಂತ ಮೊದಲ ‘ದಿನಕ್ಕ ಎಷ್ಟು ಕೊಡ ನೀರು, ಹೊರೋರು ಯಾರು’ ಅಂತ ಕೇಳ್ರಿ. ಇಂಜೆಕ್ಷನ್ ಮಾಡಾಕ ಬರೋರಿಗೆ ಗಿರ್ ಇಲ್ಲಾ ಕೃಷ್ಣಾ ವ್ಯಾಲಿ ಕಡ್ಡಿ ಸಿಗತೈತೇನು ಅಂತಾನೂ ಕೇಳ್ರಿ. ಕೇಳೋರ ಇಲ್ಲಂದ್ರ ಅವರಾರ ಯಾಕ ಇಟಗೋತಾರ?

ಮಣ್ಣೆತ್ತಿನ ಅಮವಾಸಿಗೆ ನಾವು ಮಾಡೋ ಎತ್ತಿಗೆ ಈಗೂ ಡುಬ್ಬ ಇರತೈತಿ ನೋಡ್ರಿ. ಡುಬ್ಬ ಇಲ್ಲದ್ದು ಯಾರ ಕೈಯಾಗೂ ಬರಂಗಿಲ್ಲ.

ಕಟಕೋಳ, ಗೊಡಚಿ, ಸಾಲಹಳ್ಳಿ ಕಡೆ ಯಾರ ಮನ್ಯಾಗಾರ ಕೃಷ್ಣಾ ವ್ಯಾಲಿ ಜೋಡಿ ಇದ್ರ ಫೋಟೋ ಕಳಸ್ರಿ. ರೀಲ್ಸ್ ಬ್ಯಾಡ. ಬದಿಯಿಂದ ಒಂದು, ಮುಖದ್ದೊಂದು, ಕೊಂಬು ಕಾಣೋ ಹಂಗ.

#ಕಟಕೋಳ #ಎರಿಹೊಲ #ಸಗಣಿಹುಳ