ಜಕ್ಕೂರಿನ 'ಖಾಲಿ ಜಾಗ' ಖಾಲಿ ಅಲ್ಲ

ಹೆಬ್ಬಾಳ ದಾಟಿ ಏರ್‌ಪೋರ್ಟ್ ಕಡೆ ಹೋಗುವಾಗ ಬಲಗಡೆ ಜಕ್ಕೂರು ಏರೋಡ್ರೋಮ್ ಸಿಗತ್ತೆ. ಇನ್ನೂರಕ್ಕೂ ಹೆಚ್ಚು ಎಕರೆ. ಅದನ್ನ ನೋಡಿದ ಬಹಳಷ್ಟು ಜನರ ಮಾತು ಒಂದೇ: "ಇಷ್ಟು ಜಾಗ ಸುಮ್ನೆ ಬಿಟ್ಟಿದಾರಲ್ಲ, ಲೇಔಟ್ ಮಾಡಿದ್ರೆ ಎಷ್ಟು ಕೋಟಿ!" ನಾನು ಹೇಳೋದು ಎರಡೇ ವಿಷಯ. ಆ ಜಾಗ ಖಾಲಿ ಅಲ್ಲ. ಆದರೆ ಅದನ್ನ ಸರಿಯಾಗಿ ಪ್ಲಾನ್ ಮಾಡದೆ ಹೋದರೆ, ಉಳಿಸಿ ಅಂತ ಕೇಳೋಕೆ ನಮಗೆ ಮುಖ ಇರಲ್ಲ.

ಮೊದಲು ಲೆಕ್ಕ. ಸೆಸ್ನಾ 172 ವಿಮಾನದ ರೆಕ್ಕೆ ತುದಿಯಿಂದ ತುದಿಗೆ 11 ಮೀಟರ್, ಉದ್ದ 8.3 ಮೀಟರ್. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪಕ್ಕದ ವಿಮಾನಕ್ಕೆ ಕನಿಷ್ಠ 3 ಮೀಟರ್ ಅಂತರ ಬೇಕು. ಹತ್ತು ವಿಮಾನದ ಸಾಲಿಗೆ 137 ಮೀಟರ್. ಎದುರುಬದುರು ಎರಡು ಸಾಲು, ನಡುವೆ ಓಡಾಡೋಕೆ 24 ಮೀಟರ್ ದಾರಿ, ಹಿಂದೆ ಸ್ವಲ್ಪ ಜಾಗ ಅಂತ ಹಿಡಿದರೂ ಅಗಲ 45 ಮೀಟರ್. ಅಂದರೆ 20 ವಿಮಾನಕ್ಕೆ ಸುಮಾರು ಒಂದೂವರೆ ಎಕರೆ, ಅಷ್ಟೇ!

ಹಾಗಾದರೆ ಮಿಕ್ಕ ಜಾಗ ಯಾಕೆ? ವಿಮಾನ ಇಳಿಯೋ ದಾರಿಗೆ. 800 ಮೀಟರ್‌ಗಿಂತ ಚಿಕ್ಕ ರನ್‌ವೇಗೂ ತುದಿಯಿಂದ 30 ಮೀಟರ್ ಆಚೆ ಒಂದು ಕಾಲ್ಪನಿಕ ಇಳಿಜಾರು ಶುರುವಾಗತ್ತೆ. 20 ಮೀಟರ್ ದೂರಕ್ಕೆ 1 ಮೀಟರ್ ಎತ್ತರ, ಅದನ್ನ ಮೀರಿ ಏನೂ ನಿಲ್ಲಬಾರದು. 6 ಮೀಟರ್ ಎತ್ತರದ ಫ್ಲೈಓವರ್, ಅದರ ಮೇಲೆ 4 ಮೀಟರ್ ಲಾರಿ ಅಂದುಕೊಳ್ಳಿ. ಅದು ಆ ಇಳಿಜಾರು ಶುರುವಾಗೋ ಕಡೆಯಿಂದ ಕನಿಷ್ಠ 200 ಮೀಟರ್ ದೂರ ಇರಬೇಕು. ರನ್‌ವೇ ಉದ್ದ ಆದಷ್ಟೂ ನಿಯಮ ಇನ್ನೂ ಬಿಗಿ. ಬಳ್ಳಾರಿ ರಸ್ತೆಯಲ್ಲಿ ಎಲಿವೇಟೆಡ್ ಹೈವೇ ಎದ್ದಾಗ ಜಕ್ಕೂರಿಗೆ ಬಿದ್ದ ಪೆಟ್ಟು ಇದೇ. ರನ್‌ವೇಯ ಒಂದು ಭಾಗ ಬಳಕೆಗೆ ಬರದ ಹಾಗಾಯ್ತು. ಕಾಂಪೌಂಡ್ ಒಳಗೆ ಎಷ್ಟು ಚೆನ್ನಾಗಿ ಪ್ಲಾನ್ ಮಾಡಿದರೂ ಹೊರಗಿನ ರಸ್ತೆ, ಮೆಟ್ರೋ, ಅಪಾರ್ಟ್‌ಮೆಂಟ್ ಲೆಕ್ಕಕ್ಕೆ ತಗೊಳ್ಳದಿದ್ದರೆ ಎಲ್ಲಾ ನೀರಲ್ಲಿ ಹೋಮ.

ಇನ್ನು ಒಳಗಿನ ವಿಷಯ. ಅಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ, ಖಾಸಗಿ ಹ್ಯಾಂಗರ್‌ಗಳೂ ಇವೆ. ಯಾರಿಗೆ ಯಾವ ಜಾಗ ಅನ್ನೋದೇ ಅಸಲಿ ಪ್ರಶ್ನೆ. ದಿನಕ್ಕೆ ಹಲವು ಸಲ ಹಾರೋ ತರಬೇತಿ ವಿಮಾನಕ್ಕೆ ರನ್‌ವೇ ಹತ್ತಿರದ ಸಾಲು ಕೊಡಬೇಕು. ವಾರಕ್ಕೊಮ್ಮೆ ಹಾರೋ ಖಾಸಗಿ ವಿಮಾನ ಹಿಂದಿನ ಹ್ಯಾಂಗರ್‌ಗೆ ಹೋಗಲಿ. ಹೊರಗಿಂದ ಬಂದು ಒಂದು ರಾತ್ರಿ ನಿಲ್ಲೋ ವಿಮಾನಕ್ಕೆ ಇಂಧನ ತುಂಬಿಸೋ ಜಾಗದ ಹತ್ತಿರ ಕೆಲವು ಸ್ಥಳ ಮೀಸಲಿಡಬೇಕು, ಅದನ್ನ ತಿಂಗಳ ಬಾಡಿಗೆಗೆ ಕೊಡಬಾರದು. ಹೆಲಿಕಾಪ್ಟರ್ ದೂರ ಇರಬೇಕು, ಅದರ ರೆಕ್ಕೆಯ ಗಾಳಿಗೆ ಪಕ್ಕದ ಹಗುರ ವಿಮಾನ ಹಾಳಾಗತ್ತೆ. ಏಪ್ರಿಲ್-ಮೇ ತಿಂಗಳ ಮಳೆಗಾಳಿ ಗೊತ್ತಲ್ಲ, ಬಯಲಲ್ಲಿ ನಿಲ್ಲಿಸೋ ಕಡೆಯೆಲ್ಲ ವಿಮಾನವನ್ನ ನೆಲಕ್ಕೆ ಕಟ್ಟೋ ಕೊಂಡಿ ಬೇಕೇ ಬೇಕು.

"ಹ್ಯಾಂಗರ್ ಬಾಡಿಗೆಯಿಂದ ದುಡ್ಡು ಬರತ್ತಲ್ಲ" ಅನ್ನಬಹುದು. ಬರಲಿ, ಬೇಡ ಅಂದವರು ಯಾರು? ಆದರೆ ಮುಂದೆ ಟ್ಯಾಕ್ಸಿವೇ ಬರಬೇಕಾದ ಕಡೆ ಇವತ್ತು ಶೆಡ್ ಕಟ್ಟಿದರೆ ಅದು ಮೂವತ್ತು ವರ್ಷ ಅಲ್ಲೇ ಕೂತಿರತ್ತೆ. ಲಕ್ಷಾಂತರ ರೂಪಾಯಿ ಫೀಸ್ ಕಟ್ಟಲಾಗದ ಮನೆಯ ಮಕ್ಕಳಿಗೆ ಸರ್ಕಾರಿ ಶಾಲೆ ಒಂದು ಬಾಗಿಲು. ಅದು ಮೂಲೆಗೆ ಸರಿದು, ಶ್ರೀಮಂತರ ಪಾರ್ಕಿಂಗ್ ಮಾತ್ರ ಉಳಿದರೆ, ಲೇಔಟ್ ಮಾಡಿ ಅನ್ನೋರಿಗೆ ಉತ್ತರ ಕೊಡೋದು ಕಷ್ಟ.

"ಊರಾಚೆ ಸಾಗಿಸಿ" ಅನ್ನೋದು ಇನ್ನೊಂದು ವಾದ. ಶಿಕಾಗೋದ ಮೀಗ್ಸ್ ಫೀಲ್ಡ್ ಕಥೆ ಓದಿ. 2003ರ ಮಾರ್ಚ್ 30ರ ರಾತ್ರಿ ಮೇಯರ್ ರಿಚರ್ಡ್ ಡೇಲಿ ಬುಲ್ಡೋಜರ್ ಕಳಿಸಿ ರನ್‌ವೇ ಮೇಲೆ ದೊಡ್ಡ ದೊಡ್ಡ ಇಂಟು ಗುರುತು ಕೊರೆಸಿದರು. ಅಲ್ಲಿದ್ದ ವಿಮಾನಗಳು ಸಿಕ್ಕಿಹಾಕಿಕೊಂಡವು. ಈಗ ಅಲ್ಲಿ ಪಾರ್ಕ್ ಇದೆ. ಏರೋಡ್ರೋಮ್ ಹೋಗೋಕೆ ಒಂದು ರಾತ್ರಿ ಸಾಕು, ಊರೊಳಗೆ ಮತ್ತೆ ಬರೋದು ಸಾಧ್ಯವೇ ಇಲ್ಲ.

ನನ್ನ ಬೇಡಿಕೆ ಚಿಕ್ಕದು. ಜಕ್ಕೂರಿನ ಮುಂದಿನ ಇಪ್ಪತ್ತು ವರ್ಷದ ನಕ್ಷೆಯನ್ನ ಸರ್ಕಾರ ಕನ್ನಡದಲ್ಲಿ ಎಲ್ಲರ ಮುಂದಿಡಲಿ. ಯಾವ ಜಾಗ ಶಾಲೆಗೆ, ಯಾವುದು ಬಾಡಿಗೆಗೆ, ಯಾವುದನ್ನ ಮುಟ್ಟಲೇಬಾರದು ಅಂತ ಅದರಲ್ಲಿ ಬರೆದಿರಲಿ. ಸಿವಿಲ್, ಏರೋ ಓದ್ತಿರೋ ನಾವು ಸ್ಕೇಲ್ ಹಿಡಿದು ಅಳೆದು ನೋಡ್ತೀವಿ.